ಅರದಾಳದೊಳಗಿನ ಆರ್ಸೆನಿಕ್

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ಭೂತಕೋಲ ನೋಡಿದವರಿಗೆ ಅರದಾಳ ಗೊತ್ತೇ ಇರುತ್ತದೆ. ಕೋಲ ಕಟ್ಟುವವರು ಮುಖಕ್ಕೆ ಬಳಿದುಕೊಳ್ಳುವ ಹಳದಿ. ಅರೆಯುವ ಮೊದಲು ಅದರ ಗಟ್ಟಿಯನ್ನು ಹತ್ತಿರದಿಂದ ನೋಡಬೇಕು. ಚಿನ್ನದಂಥ ಹೊಳಪು, ಪದರ ಪದರವಾಗಿ ಏಳುತ್ತದೆ, ಉಗುರು ತಾಗಿದರೂ ಗೀರು ಬೀಳುವಷ್ಟು ಮೆತ್ತಗೆ. ಬಣ್ಣ ನೋಡಿ ಅರಶಿನದ ಜಾತಿ ಎಂದುಕೊಂಡೀರಿ! ಇದು ಆರ್ಸೆನಿಕ್ ಮತ್ತು ಗಂಧಕ ಸೇರಿ ಆದ ಖನಿಜ. ಎರಡು ಆರ್ಸೆನಿಕ್‌ಗೆ ಮೂರು ಗಂಧಕದ ಲೆಕ್ಕ. ಈ ಗಂಧಕದ ನಂಟನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆರ್ಸೆನಿಕ್ ಪರಮಾಣುವಿನ ನಡುವೆ 33 ಪ್ರೋಟಾನ್, 42 ನ್ಯೂಟ್ರಾನ್. ಸುತ್ತ 33 ಎಲೆಕ್ಟ್ರಾನ್, ಒಳಗಿನಿಂದ ಹೊರಕ್ಕೆ 2, 8, 18, 5. ಕೊನೆಯ ಆ ಐದರದ್ದೇ ಎಲ್ಲ ಕಾರುಬಾರು. ಅರದಾಳದಲ್ಲಿ ಮೂರು ಎಲೆಕ್ಟ್ರಾನ್ ಗಂಧಕದ ಜೊತೆ ಹಂಚಿಕೆಯಾಗಿ, ಎರಡು ಸುಮ್ನೆ ಉಳಿದಿರುತ್ತವೆ. ಆಮ್ಲಜನಕ ಬೇಕಾದಷ್ಟು ಸಿಕ್ಕಿದರೆ ಐದೂ ಕೆಲಸಕ್ಕಿಳಿಯಬಹುದು. ಶುದ್ಧ ಆರ್ಸೆನಿಕ್ ಬೂದು ಬಣ್ಣದ್ದು. ಲೋಹದ ಹಾಗೆ ಹೊಳೆದರೂ ಬಡಿದರೆ ತಗಡಾಗುವುದಿಲ್ಲ, ಪುಡಿಯಾಗುತ್ತದೆ. ಹಾಗಾಗಿ ಅದನ್ನು ಅರೆಲೋಹ ಅನ್ನುತ್ತಾರೆ.

ಅರದಾಳ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಅದನ್ನೇ ಗಾಳಿಯಲ್ಲಿ ಸುಟ್ಟರೆ ಕಥೆ ಬದಲಾಗುತ್ತದೆ. ಗಂಧಕ ಹೊಗೆಯಾಗಿ ಹೋಗಿ, ಆರ್ಸೆನಿಕ್ ಆಮ್ಲಜನಕದ ಜೊತೆ ಸೇರಿ ಬಿಳಿ ಪುಡಿಯಾಗುತ್ತದೆ. ರುಚಿಯಿಲ್ಲ, ವಾಸನೆಯಿಲ್ಲ, ನೀರಿಗೆ ಹಾಕಿದರೆ ಕರಗುತ್ತದೆ. ಯುರೋಪಿನಲ್ಲಿ ಅದೆಷ್ಟೋ ಕೊಲೆಗಳಿಗೆ ಬಳಕೆಯಾದ ಪಾಷಾಣ ಇದೇ. 1836ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಜೇಮ್ಸ್ ಮಾರ್ಷ್ ಅದನ್ನು ಹಿಡಿಯುವ ದಾರಿ ತೋರಿಸಿದರು. ಅನುಮಾನದ ವಸ್ತುವಿಗೆ ಸತು ಮತ್ತು ಆಮ್ಲ ಹಾಕಿ, ಬರುವ ಅನಿಲವನ್ನು ಕಾಯಿಸಿದ ಗಾಜಿನ ಕೊಳವೆಯಲ್ಲಿ ಹರಿಸುವುದು. ಆರ್ಸೆನಿಕ್ ಇದ್ದರೆ ಗಾಜಿನ ಒಳಮೈಯಲ್ಲಿ ಕಪ್ಪು ಕನ್ನಡಿ ಮೂಡುತ್ತದೆ. ನನಗಂತೂ ರಸಾಯನಶಾಸ್ತ್ರದಲ್ಲಿ ಇಷ್ಟು ಚಂದದ ಪರೀಕ್ಷೆ ಇನ್ನೊಂದು ಕಾಣೆ.

ಈ ಆರ್ಸೆನಿಕ್ ಮೈಯೊಳಗೆ ಹೋದರೆ ಏನು ಮಾಡುತ್ತದೆ? ಅದೇ ಹಳೆಯ ನಂಟು ಹುಡುಕುತ್ತದೆ. ನಮ್ಮ ಪ್ರೋಟೀನುಗಳಲ್ಲೂ ಗಂಧಕ ಇದೆಯಲ್ವಾ? ಅಲ್ಲಿಗೆ ಹೋಗಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಎಂಜೈಮುಗಳ ಕೆಲಸ ನಿಲ್ಲುತ್ತದೆ. ಐದೂ ಎಲೆಕ್ಟ್ರಾನ್ ಕೆಲಸಕ್ಕಿಳಿದು ಆಮ್ಲಜನಕದ ಜೊತೆ ಸೇರಿದ ಆರ್ಸೆನಿಕ್‌ನ, ಅಂದರೆ ಆರ್ಸೆನೇಟಿನ, ಮೋಸ ಬೇರೆ ತರಹದ್ದು. ಆವರ್ತಕೋಷ್ಟಕದಲ್ಲಿ ಆರ್ಸೆನಿಕ್‌ನ ತಲೆಯ ಮೇಲೆಯೇ ರಂಜಕ, ಅಂದರೆ ಫಾಸ್ಫರಸ್. ಅದರ ಹೊರಗೂ ಐದೇ ಎಲೆಕ್ಟ್ರಾನ್. ಹಾಗಾಗಿ ಜೀವಕೋಶ ತನಗೆ ಬೇಕಾದ ಫಾಸ್ಫೇಟ್, ಅಂದರೆ ಆಮ್ಲಜನಕದ ಜೊತೆ ಸೇರಿದ ರಂಜಕ, ಎಂದುಕೊಂಡು ಆರ್ಸೆನೇಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಫಾಸ್ಫೇಟಿನ ಜಾಗದಲ್ಲಿ ಆರ್ಸೆನೇಟ್ ಕಟ್ಟುವ ಬಂಧ ನಿಲ್ಲುವುದಿಲ್ಲ, ಕೂಡಲೇ ಮುರಿದು ಶಕ್ತಿ ತಯಾರಿಯ ಕೆಲಸ ಕೆಡುತ್ತದೆ.

ಮದ್ದು ಹುಡುಕಿದವರು ಕೂಡ ಗಂಧಕವನ್ನೇ ನಂಬಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಆರ್ಸೆನಿಕ್ ಇರುವ ಲೂಯಿಸೈಟ್ ಎಂಬ ವಿಷಾನಿಲಕ್ಕೆ ಆಕ್ಸ್‌ಫರ್ಡ್‌ನಲ್ಲಿ ಒಂದು ಮದ್ದು ಸಿದ್ಧವಾಯಿತು, ಡೈಮರ್ಕ್ಯಾಪ್ರಾಲ್. ಅದರ ಒಂದೊಂದು ಅಣುವಿನಲ್ಲೂ ಎರಡು ಗಂಧಕ. ಪ್ರೋಟೀನಿನಿಂದ ಆರ್ಸೆನಿಕ್ಕನ್ನು ಬಿಡಿಸಿ, ತನ್ನ ಎರಡು ಗಂಧಕದ ನಡುವೆ ಹಿಡಿದು ಮೂತ್ರದಲ್ಲಿ ಹೊರಗೆ ಹಾಕಿಸುತ್ತದೆ.

ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪಾಲು ಜಾಸ್ತಿಯಾದೀತು. ಆದರೆ ಕಬ್ಬಿಣದ ಆಕ್ಸೈಡಿಗೆ ಅದು ಅಂಟುತ್ತದೆ. ನಮ್ಮ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಕೆಂಪಾಗಿರುವುದು ಅದೇ ಕಬ್ಬಿಣದಿಂದ. ಪಶ್ಚಿಮ ಬಂಗಾಳದ ಊರುಗಳಲ್ಲಿ ಖರಗ್‌ಪುರದ ಐಐಟಿಯವರು ಇಂಥದೇ ಮುರಕಲ್ಲಿನ ಪುಡಿಯನ್ನು ಆಮ್ಲ, ಕ್ಷಾರಗಳಲ್ಲಿ ಹದಮಾಡಿ ನೀರಿನ ಫಿಲ್ಟರಿಗೆ ತುಂಬಿದ್ದಾರೆ.

ನಮಸ್ಕಾರ.