ನೀರಗಂಟಿಗೆ ಹೇಳುವ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ಕುಳಿತು ಮಧುಗಿರಿಯ ಕಚೇರಿಯೊಂದರ ಲಿನಕ್ಸ್ ಸರ್ವರಿನ ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಅಂಕಿಗಳನ್ನು, ಬದಲಿಸುತ್ತಿದ್ದೆ. 192.168.1.10 ಎಂದು ಬರೆಯಬೇಕಾದಲ್ಲಿ ಒಂದರ ಪಕ್ಕ ಇನ್ನೊಂದು ಒಂದು ಬಿದ್ದು 192.168.11.10 ಆಯಿತು. ನೋಡದೆ ಜಾರಿ ಮಾಡಿದೆ. ಜಾಲದ ಮೂಲಕವೇ ಸರ್ವರಿನೊಳಗೆ ಹೊಕ್ಕಿದ್ದ ನನ್ನ ಸಂಪರ್ಕ ಕಡಿದುಹೋಯಿತು. ಆಮೇಲೆ ಯಾವ ಕೀಲಿ ಒತ್ತಿದರೂ ಪರದೆಯಲ್ಲಿ ಅಕ್ಷರ ಮೂಡಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ನಾನು ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸಿತ್ತು. ಆ ಒಂದು ಅಂಕಿಯನ್ನು ಅಳಿಸಲು ಮಧುಗಿರಿ ಬಸ್ಸು ಹತ್ತಿದೆ. ಕೊರಟಗೆರೆ ದಾಟುವವರೆಗೂ ನನ್ನನ್ನು ನಾನೇ ಬೈದುಕೊಂಡೆ.

ನಮ್ಮ ಕಡೆ ಕೆರೆಯ ನೀರು ಹಂಚುವ ನೀರಗಂಟಿಗೆ ‘ತೂಬನ್ನು ಇಷ್ಟು ಎತ್ತು, ಬದುವನ್ನು ಇಲ್ಲಿ ಕಡಿ’ ಎಂದು ಯಾರೂ ಹೇಳಿಕೊಡುವುದಿಲ್ಲ. ‘ಸಂಜೆಯೊಳಗೆ ಈ ನಾಲ್ಕು ಗದ್ದೆಗಳಲ್ಲಿ ನೀರು ನಿಂತಿರಬೇಕು’ ಎಂದರೆ ಸಾಕು. ಮೂರರಲ್ಲಿ ಆಗಲೇ ನಿಂತಿದ್ದರೆ ನಾಲ್ಕನೆಯದಕ್ಕೆ ಮಾತ್ರ ಮಡೆ ತಿರುಗಿಸುತ್ತಾನೆ. ಉಬುಂಟು ಎಂಬ ಲಿನಕ್ಸಿನಲ್ಲಿ ಜಾಲದ ಸಂಪರ್ಕವನ್ನು ಹೊಂದಿಸುವ ನೆಟ್‌ಪ್ಲಾನ್ ಎಂಬ ತಂತ್ರಾಂಶ ಕೇಳುವುದೂ ಇಂಥ ಮಾತನ್ನೇ. ಅದರ ಕಡತದಲ್ಲಿ ಆಜ್ಞೆಗಳ ಸಾಲು ಇರುವುದಿಲ್ಲ. ಈ ನೆಟ್‌ವರ್ಕ್ ಕಾರ್ಡಿಗೆ ಈ ವಿಳಾಸ, ಹೊರಹೋಗುವ ದಾರಿ ಇದು, ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅದು, ಇಷ್ಟೇ. ಮಾಡುವ ಕೆಲಸವನ್ನು ಅದು ಸಿಸ್ಟಮ್‌ಡಿಯ ನೆಟ್‌ವರ್ಕ್‌ಡಿ, ನೆಟ್‌ವರ್ಕ್ ಮ್ಯಾನೇಜರ್ ಎಂಬ ಎರಡು ತಂತ್ರಾಂಶಗಳಲ್ಲೊಂದಕ್ಕೆ ವಹಿಸುತ್ತದೆ. ಯಾಮಲ್ ಎಂಬ ಕಡತದ ಬರವಣಿಗೆಯ ರೀತಿ ಮಾತ್ರ ಮಹಾ ಮಡಿವಂತ: ಸಾಲಿನ ಮೊದಲಿಗೆ ಟ್ಯಾಬ್ ಒತ್ತಿದರೆ ಒಳಗೆ ಸೇರಿಸುವುದಿಲ್ಲ, ಸ್ಪೇಸ್ ಕೀಲಿಯನ್ನೇ ಎಣಿಸಿ ಒತ್ತಬೇಕು.

ಬೇಕಾದ ಸ್ಥಿತಿಯನ್ನು ಬರೆದಿಡುವುದು ಹೊಸದೇನಲ್ಲ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ ಹಳೆಯ ಇಂಟರ್‌ಫೇಸಸ್ ಕಡತದಲ್ಲೂ ವಿಳಾಸವನ್ನು ಬರೆದೇ ಇಡುತ್ತಿದ್ದೆವು; ಅಂದು ನಾನು ಎಡವಿದ್ದೂ ಅದರಲ್ಲೇ. ನನಗೆ ಹಿಡಿಸಿದ್ದು ‘ನೆಟ್‌ಪ್ಲಾನ್ ಟ್ರೈ’ ಎಂಬ ಆಜ್ಞೆ. ಹೊಸ ವ್ಯವಸ್ಥೆಯನ್ನು ಜಾರಿ ಮಾಡಿ ಅದು 120 ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ನಾವು ಎಂಟರ್ ಒತ್ತಿದರೆ ಸರಿ. ಸಂಪರ್ಕ ಕಡಿದುಹೋದವನು ಹೇಗೆ ಒತ್ತಿಯಾನು? ಆಗ ಹಳೆಯ ವ್ಯವಸ್ಥೆಗೆ ತಾನೇ ಮರಳುತ್ತದೆ. ಎನ್‌ಎಂಸ್ಟೇಟ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವು ಜಾರಿ ಮಾಡಿದ ಮೇಲೆ ಕೇಳಿದ್ದಕ್ಕೂ ಆಗಿದ್ದಕ್ಕೂ ತಾಳೆ ನೋಡುತ್ತದೆ, ತಾಳೆಯಾಗದಿದ್ದರೆ ಹಿಂದೆ ಸರಿಯುತ್ತದೆ.

ಎರಡು ಕಾರ್ಡುಗಳನ್ನು ಒಂದಾಗಿ ಜೋಡಿಸುವ ಬಾಂಡ್ ಇದೆಯಲ್ಲ, ಅದಕ್ಕೆ ನಾವೇ ಕೊಟ್ಟ ವಿಶೇಷ ಸೂಚನೆಗಳನ್ನು ನೆಟ್‌ಪ್ಲಾನ್ ಟ್ರೈ ಹಿಂದಿರುಗಿಸಲಾರದು. ಅದಕ್ಕೇ ಮಧುಗಿರಿ ಕಚೇರಿಯ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಈಗಲೂ ಮೊದಲೇ ಕೇಳಿಕೊಳ್ಳುತ್ತೇನೆ.