ಆ ಹುಡುಗನ ತಾಯಿಯನ್ನು ಒಂದು ಮಾತು ಕೇಳಿ

ನಮಸ್ಕಾರ. ಹಾಸನದಿಂದ ಮಾತನಾಡುತ್ತಿದ್ದೇನೆ. ಇವತ್ತಿನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಇದು ಲೈಂಗಿಕ ಅಪರಾಧ ಎಸಗಿದವರ ಬಗ್ಗೆ, ಅದರಲ್ಲೂ ಅವರಿಗೆ ಕೊಡುವ ಚಿಕಿತ್ಸೆಯ ಬಗ್ಗೆ. "ಅಂಥವರಿಗೆ ಚಿಕಿತ್ಸೆ ಬೇರೆ ಕೇಡು, ಒಳಗೆ ಹಾಕಿ ಬೀಗ ಜಡಿಯಿರಿ" ಎನ್ನುವ ಸಿಟ್ಟು ನನಗೆ ಅರ್ಥವಾಗುತ್ತದೆ. ನೊಂದ ಮಗುವಿನ ಮನೆಯವರು ಹಾಗೆ ಅಂದರೆ ನಾನು ಎದುರಾಡುವುದಿಲ್ಲ. ಆದರೆ ಪೋಕ್ಸೊ ಪ್ರಕರಣದಲ್ಲಿ ಸಿಕ್ಕಿಬಿದ್ದ ಹದಿನಾರರ ಹುಡುಗ ಒಂದಲ್ಲ ಒಂದು ದಿನ ಹೊರಗೆ ಬರುತ್ತಾನೆ. ಬರುವುದು ನಮ್ಮ ಆಲೂರಿಗೆ, ಬೇಲೂರಿಗೆ, ಮೂಡಿಗೆರೆಗೆ. ಅವನು ಇನ್ನೊಂದು ಮಗುವಿನ ತಂಟೆಗೆ ಹೋಗದಂತೆ ಮಾಡುವ ಕೆಲಸ ಆಪ್ತಸಮಾಲೋಚನೆಯ ಕೋಣೆಯಲ್ಲಿ ಆಗಬೇಕು. ಅಲ್ಲಿ ಕೂತವರಿಗೆ ಒಂದು ಮೆದುಳಿನ ನ್ಯೂನತೆಯ ಪರಿಚಯ ಇಲ್ಲದಿದ್ದರೆ ಕೆಲವು ಹುಡುಗರ ಮಟ್ಟಿಗೆ ಆ ಕೆಲಸ ಆಗುವುದೇ ಇಲ್ಲ. ನನ್ನ ವಾದ ಇಷ್ಟೇ.

ಆ ನ್ಯೂನತೆಯ ಹೆಸರು ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್, ಚಿಕ್ಕದಾಗಿ ಎಫ್‌ಎಎಸ್‌ಡಿ. ಬಸುರಿ ಕುಡಿದ ಮದ್ಯ ಹೊಕ್ಕುಳಬಳ್ಳಿಯ ಮೂಲಕ ಮಗುವಿನ ರಕ್ತ ಸೇರುತ್ತದೆ. ಆಗಷ್ಟೇ ಕಟ್ಟಿಕೊಳ್ಳುತ್ತಿರುವ ಮೆದುಳಿಗೆ ಅದರಿಂದ ಆದ ಹಾನಿ ಸಾಯುವವರೆಗೂ ಉಳಿಯುತ್ತದೆ. ಫ್ರಾನ್ಸಿನ ನಾಂತ್ ನಗರದ ಮಕ್ಕಳ ವೈದ್ಯ ಪಾಲ್ ಲೆಮ್ವಾನ್ 1968ರಲ್ಲೇ ಇಂಥ 127 ಮಕ್ಕಳ ಬಗ್ಗೆ ಬರೆದಿದ್ದರು. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದರ ತೀವ್ರ ರೂಪಕ್ಕೆ ಹೆಸರಿಟ್ಟರು. ಕಿರಿದಾದ ಕಣ್ಣು, ತೆಳುವಾದ ಮೇಲ್ದುಟಿ, ಮೂಗಿನ ಕೆಳಗೆ ಇರಬೇಕಾದ ಕುಳಿ ಇಲ್ಲದೆ ಸಪಾಟಾದ ಚರ್ಮ: ವೈದ್ಯಕೀಯ ಪುಸ್ತಕಗಳಲ್ಲಿರುವ ಚಿತ್ರ ಇದು. ತೊಂದರೆ ಏನೆಂದರೆ, ಎಫ್‌ಎಎಸ್‌ಡಿ ಇರುವ ಹೆಚ್ಚಿನವರ ಮುಖ ಹೀಗಿರುವುದಿಲ್ಲ. ಮುಖದ ಈ ಲಕ್ಷಣಗಳು ನಿರ್ಧಾರವಾಗುವುದು ಗರ್ಭದ ಆರಂಭದ ಕೆಲವೇ ದಿನಗಳಲ್ಲಿ. ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತದೆ. ಹಾಗಾಗಿ ನೋಡಲು ಎಲ್ಲರಂತಿರುವ, ಚೆನ್ನಾಗಿಯೇ ಮಾತನಾಡುವ, ಬುದ್ಧಿಮತ್ತೆಯ ಪರೀಕ್ಷೆಯಲ್ಲೂ ಪಾಸಾಗಬಲ್ಲ ಹುಡುಗನಲ್ಲಿ ಈ ನ್ಯೂನತೆ ಇರಬಹುದು.

ಅಂಥವನ ಎದುರು ಸಮಾಲೋಚನೆ ಹೇಗೆ ಸಾಗುತ್ತದೆ ಎಂದು ಊಹಿಸಿಕೊಳ್ಳಿ.

"ಮಾಡಿದ್ದು ಸರಿಯೇನಪ್ಪಾ?"

"ತಪ್ಪು ಮೇಡಂ."

"ಇನ್ನು ಮಾಡುತ್ತೀಯಾ?"

"ಇಲ್ಲ ಮೇಡಂ."

"ಯಾಕೆ ತಪ್ಪು?"

"ನೀವೇ ಹೇಳಿದಿರಲ್ಲ ಮೇಡಂ."

ಅವನು ಉಡಾಫೆ ಮಾಡುತ್ತಿಲ್ಲ. ಅವನಿಗೆ ಸಿಕ್ಕಿರುವ ಕಾರಣ ಅದೊಂದೇ. ಪಕ್ಕದ ಮನೆಯ ಪಾಪುವನ್ನು ಮುಟ್ಟಬಾರದು ಎಂದು ಕಲಿತಿದ್ದಾನೆ. ಅತ್ತೆಯ ಊರಿಗೆ ಹೋದಾಗ ಅಲ್ಲಿರುವುದು ಬೇರೆ ಮನೆ, ಬೇರೆ ಮಗು. ಇಲ್ಲಿ ಕಲಿತ ನಿಯಮ ಅಲ್ಲಿಗೂ ಸಲ್ಲುತ್ತದೆ ಎಂದು ಜೋಡಿಸಿಕೊಳ್ಳುವ ಕೆಲಸವನ್ನು ಅವನ ಮೆದುಳು ತಾನಾಗಿ ಮಾಡುವುದಿಲ್ಲ. ಮುಂದಿನ ಮಂಗಳವಾರ ಹತ್ತು ಗಂಟೆಗೆ ಬಾ ಎಂದರೆ ತಲೆಯಾಡಿಸುತ್ತಾನೆ, ಬರುವುದಿಲ್ಲ. ಕಡತದಲ್ಲಿ "ಸಹಕರಿಸುತ್ತಿಲ್ಲ, ಪಶ್ಚಾತ್ತಾಪವಿಲ್ಲ" ಎಂಬ ಸಾಲು ಸೇರುತ್ತದೆ. ಲೈಂಗಿಕ ಅಪರಾಧಿಗಳಿಗೆ ಕೊಡುವ ಪ್ರಚಲಿತ ಚಿಕಿತ್ಸೆ ನಿಂತಿರುವುದೇ ಹಿಂದಿನದನ್ನು ನೆನೆದು, ಮುಂದಿನದನ್ನು ಊಹಿಸಿ, ನಡುವೆ ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿಯ ಮೇಲೆ. ಎಫ್‌ಎಎಸ್‌ಡಿ ಹೊಡೆಯುವುದು ಸರಿಯಾಗಿ ಆ ಮೂರಕ್ಕೇ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಆ್ಯನ್ ಸ್ಟ್ರೈಸ್‌ಗತ್ ಅವರ ತಂಡ 1996ರಲ್ಲಿ ಒಂದು ವರದಿ ಕೊಟ್ಟಿತು. ಗರ್ಭದಲ್ಲಿ ಮದ್ಯದಿಂದ ಹಾನಿಗೊಳಗಾದವರಲ್ಲಿ, 12 ವರ್ಷ ದಾಟಿದ ಸುಮಾರು ಶೇ 60 ಜನ ಕಾನೂನಿನ ತೊಡಕಿಗೆ ಸಿಕ್ಕಿದ್ದರು, ಸರಿಸುಮಾರು ಅರ್ಧದಷ್ಟು ಜನರಲ್ಲಿ ಅನುಚಿತ ಲೈಂಗಿಕ ವರ್ತನೆ ಕಂಡುಬಂದಿತ್ತು. ಈ ಅಂಕಿಯನ್ನು ಹಿಡಿದು ಇಂಥ ಮಕ್ಕಳೆಲ್ಲ ಅಪಾಯಕಾರಿಗಳು ಎಂದು ಯಾರೂ ಹೊರಡಬಾರದು. ಅವರೆಲ್ಲ ಆಗಲೇ ತಜ್ಞರ ಬಳಿ ಬಂದಿದ್ದವರು. ಅನುಚಿತ ವರ್ತನೆ ಎಂಬುದರಲ್ಲಿ ಅಪರಾಧವಲ್ಲದ ನಡವಳಿಕೆಯೂ ಸೇರಿತ್ತು. ಯಾರ ಮಾತನ್ನೂ ನಂಬಿಬಿಡುವ ಈ ಮಕ್ಕಳು ಸ್ವತಃ ದೌರ್ಜನ್ಯಕ್ಕೆ ಬಲಿಯಾಗುವುದೂ ಹೆಚ್ಚು. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಮುಖ್ಯ: ಆರು ವರ್ಷದೊಳಗೆ ಪತ್ತೆಯಾಗಿ, ನೆಮ್ಮದಿಯ ಮನೆಯಲ್ಲಿ ಬೆಳೆದವರಲ್ಲಿ ಈ ತೊಡಕುಗಳು ಗಣನೀಯವಾಗಿ ಕಡಿಮೆ ಇದ್ದವು. ಪಶ್ಚಿಮ ಆಸ್ಟ್ರೇಲಿಯಾದ ಬ್ಯಾಂಕ್ಸಿಯಾ ಹಿಲ್ ಬಾಲಾಪರಾಧಿ ಕೇಂದ್ರದಲ್ಲಿ 99 ಮಕ್ಕಳನ್ನು ಪೂರ್ಣವಾಗಿ ತಪಾಸಣೆ ಮಾಡಿದಾಗ 36 ಮಕ್ಕಳಲ್ಲಿ ಎಫ್‌ಎಎಸ್‌ಡಿ ಸಿಕ್ಕಿತು. 2018ರಲ್ಲಿ ಪ್ರಕಟವಾದ ವರದಿ ಅದು. ಆ 36ರಲ್ಲಿ ಮೊದಲೇ ಪತ್ತೆಯಾಗಿದ್ದವರು ಇಬ್ಬರು ಮಾತ್ರ. ಉಳಿದವರೆಲ್ಲ ಶಾಲೆ, ಪೊಲೀಸ್, ನ್ಯಾಯಾಲಯ ಎಲ್ಲವನ್ನೂ ಹಾದು ಬಂದಿದ್ದರು, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನ್ಯೂಜಿಲೆಂಡಿನ ಟೇನಾ ಪೋರಾ ಎಂಬಾತನ ಪ್ರಕರಣವನ್ನೂ ಹೇಳಬೇಕು. ಹದಿನೇಳರ ಹುಡುಗ, ಪೊಲೀಸರ ಮುಂದೆ ತಾನು ಮಾಡದ ಅತ್ಯಾಚಾರ ಮತ್ತು ಕೊಲೆಯಲ್ಲಿ ಪಾಲಿದೆ ಎಂದು ಒಪ್ಪಿಕೊಂಡ. ಎರಡು ದಶಕ ಜೈಲಿನಲ್ಲಿ ಕಳೆದ. 2015ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಎಂಬ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು. ಅವನಿಗೆ ಎಫ್‌ಎಎಸ್‌ಡಿ ಇದ್ದುದರಿಂದ ಆ ತಪ್ಪೊಪ್ಪಿಗೆಯನ್ನು ನೆಚ್ಚುವಂತಿಲ್ಲ ಎಂದಿತು. ಎದುರಿಗೆ ಕೂತವರನ್ನು ಮೆಚ್ಚಿಸಲು ಹೌದೆನ್ನುವುದು, ನೆನಪಿನ ತೂತುಗಳನ್ನು ಕೇಳಿದ ಮಾತುಗಳಿಂದ ಮುಚ್ಚಿಕೊಳ್ಳುವುದು ಈ ನ್ಯೂನತೆಯ ಲಕ್ಷಣ. ಠಾಣೆಯಲ್ಲಿ ಹೌದೆಂದವನು ಸಮಾಲೋಚಕರ ಮುಂದೆಯೂ ಹೌದೆನ್ನುತ್ತಾನೆ.

ಇದೆಲ್ಲ ಹೊರದೇಶದ ಕಥೆ, ನಮಗೇನು ಎನ್ನಬಹುದು. ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್‌ನ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದು ಭಾಗವನ್ನು ವೈನ್ ರೂಪದಲ್ಲಿ ಕೊಡುವ ಪದ್ಧತಿ ಬಹುಕಾಲ ಇತ್ತು. ಜಗತ್ತಿನಲ್ಲಿ ದಾಖಲಾದ ಅತಿ ಹೆಚ್ಚಿನ ಎಫ್‌ಎಎಸ್‌ಡಿ ಪ್ರಮಾಣಗಳು ಅದೇ ಸೀಮೆಯವು. ನಮ್ಮ ಕಾಫಿ ತೋಟಗಳಲ್ಲಿ ಕೂಲಿಗೆ ಹೆಂಡ ಕೊಡುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಬಟವಾಡೆಯ ಸಂಜೆ ಲೈನ್ ಮನೆಗಳ ಕಡೆ ನಡೆದು ನೋಡಿದವರಿಗೆ ಗೊತ್ತು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಅಗ್ಗದ ಮದ್ಯದ ಪ್ಯಾಕೆಟ್ ಆ ಜಾಗಕ್ಕೆ ಬಂತು. ಮಳೆಗಾಲದಲ್ಲಿ ಇಡೀ ದಿನ ನೆನೆದು ಕೆಲಸ ಮಾಡಿ ಬಂದ ಹೆಂಗಸು ಮೈಕೈ ನೋವಿಗೆಂದು ಒಂದು ಗುಟುಕು ಹಾಕುವುದು ಮಲೆನಾಡಿನಲ್ಲಿ ಯಾರೂ ಕೇಳರಿಯದ ಸಂಗತಿಯಲ್ಲ. ತಾನು ಬಸುರಿ ಎಂದು ಅವಳಿಗೇ ಗೊತ್ತಾಗುವ ಹೊತ್ತಿಗೆ ಮೊದಲ ವಾರಗಳು ಕಳೆದಿರುತ್ತವೆ. ಪಟ್ಟಣದ ಪಾರ್ಟಿಗಳಲ್ಲಿ ಗ್ಲಾಸು ಹಿಡಿಯುವವರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಮದ್ಯಕ್ಕೆ ಜಾತಿಯಿಲ್ಲ, ಅಂತಸ್ತಿಲ್ಲ.

ಅಮೆರಿಕ, ಕೆನಡಾಗಳಲ್ಲೂ ಇಂಥ ಚಿಕಿತ್ಸೆ ಕೊಡುವ ಅನೇಕ ವೃತ್ತಿಪರರು ಈ ನ್ಯೂನತೆಯ ಹೆಸರು ಕೇಳಿರುತ್ತಾರೆ, ಗುರುತಿಸುವ ತರಬೇತಿ ಪಡೆದಿರುವುದಿಲ್ಲ. ಇಲ್ಲಿ ಹೆಸರೂ ಅಪರೂಪ. ಹುಡುಗನಿಗೆ ಕುಡಿಯುವ ಚಟ ಇದೆಯೇ ಎಂದು ಅವನ ಹಿನ್ನೆಲೆ ವಿಚಾರಿಸುವ ಸಾಮಾಜಿಕ ತನಿಖಾ ವರದಿಯಲ್ಲಿ ಬರೆಯುತ್ತಾರೆ, ಅಪ್ಪ ಕುಡಿಯುತ್ತಾನೆಯೇ ಎಂದು ಕೇಳುತ್ತಾರೆ. ಅವನು ಗರ್ಭದಲ್ಲಿದ್ದ ಕಾಲದ ಮಾತೆತ್ತಿದವರನ್ನು ನಾನು ನೋಡಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 15ನೇ ಕಲಂ ಪ್ರಕಾರ, 16 ದಾಟಿದ ಹುಡುಗ ಘೋರ ಅಪರಾಧದ ಆರೋಪ ಹೊತ್ತಿದ್ದರೆ ಅವನ ಮಾನಸಿಕ ಸಾಮರ್ಥ್ಯವನ್ನೂ ಪರಿಣಾಮ ಅರಿಯುವ ಶಕ್ತಿಯನ್ನೂ ಬಾಲ ನ್ಯಾಯ ಮಂಡಳಿ ಅಳೆಯಬೇಕು. ಅದರ ಮೇಲೆ ಅವನನ್ನು ವಯಸ್ಕನಂತೆ ವಿಚಾರಣೆ ಮಾಡುವುದೋ ಬೇಡವೋ ನಿರ್ಧಾರವಾಗುತ್ತದೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಸರಿ, ಆ ತಜ್ಞರಿಗೇ ಎಫ್‌ಎಎಸ್‌ಡಿ ನೆನಪಾಗದಿದ್ದರೆ? ಹುಡುಗ ಪಟಪಟ ಉತ್ತರಿಸಿದ, ಎಲ್ಲ ತಿಳಿದೇ ಮಾಡಿದ್ದಾನೆ ಎಂದು ಬರೆದುಬಿಡುತ್ತಾರೆ.

ಇದನ್ನು ಶಿಕ್ಷೆ ತಪ್ಪಿಸಿಕೊಳ್ಳುವ ದಾರಿ ಮಾಡಬೇಡಿ ಎನ್ನುವವರಿಗೆ ನನ್ನ ಉತ್ತರ ನೇರವಾಗಿದೆ. ಹುಡುಗನ ಮೆದುಳಿನ ಹಾನಿ ದೌರ್ಜನ್ಯಕ್ಕೊಳಗಾದ ಮಗುವಿನ ನೋವನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ಹಾನಿ ಇದೆಯೆಂದು ಗೊತ್ತಾದರೆ ಹೆಚ್ಚಬೇಕಾದದ್ದು ಕಾವಲು. ಅವನ ಸ್ವಂತ ವಿವೇಚನೆಯನ್ನು ನೆಚ್ಚಿ ಬಿಡುವ ಬದಲು ಚಿಕ್ಕ ಮಕ್ಕಳಿರುವ ಕಡೆ ಹೊಣೆಗಾರ ಹಿರಿಯರೊಬ್ಬರು ಸದಾ ಜೊತೆಗಿರಬೇಕು, ಅದೂ ವರ್ಷಗಟ್ಟಲೆ. ನಿಯಮ ಒಂದು ಸಲಕ್ಕೆ ಒಂದೇ ಇರಬೇಕು, ಚಿತ್ರ ತೋರಿಸಿ, ಮಾಡಿಸಿ ನೋಡಿ, ಬೇರೆ ಬೇರೆ ಮನೆ, ಬೀದಿ, ಬಸ್ಸಿನ ಸಂದರ್ಭ ಕೊಟ್ಟು ಮತ್ತೆ ಮತ್ತೆ ಕಲಿಸಬೇಕು. ಬರಬೇಕಾದ ದಿನ ಬೆಳಿಗ್ಗೆ ಮನೆಗೆ ಫೋನ್ ಹೋಗಬೇಕು. "ಅರ್ಥವಾಯಿತಾ" ಎಂದು ಕೇಳುವುದನ್ನು ಬಿಟ್ಟು "ಈಗ ನೀನೇ ಮಾಡಿ ತೋರಿಸು" ಎನ್ನಬೇಕು.

ಇನ್ನು ತಾಯಿ. ಅವಳನ್ನು ಕಟಕಟೆಗೆ ಎಳೆದರೆ ಯಾವ ತಾಯಿಯೂ ನಿಜ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಆದ್ದರಿಂದ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು, ಮಗನೂ ಗಂಡನೂ ಇಲ್ಲದಾಗ, ನೀರು ಕೊಟ್ಟು, ಹೆರಿಗೆ ಎಲ್ಲಾಯಿತು, ಮಗು ಎಷ್ಟು ತೂಕವಿತ್ತು ಎಂಬಲ್ಲಿಂದ ಶುರು ಮಾಡಿ. ಆಮೇಲೆ ಕೇಳಿ: "ನೀವು ಬಸುರಿ ಅಂತ ಗೊತ್ತಾಗುವ ಮೊದಲು, ಸುಸ್ತಿಗೋ ಚಳಿಗೋ ಏನಾದರೂ ಕುಡಿಯುತ್ತಿದ್ದಿರಾ ಅಮ್ಮ?" ಅವಳ ಉತ್ತರ ಚಿಕಿತ್ಸೆಯ ಕಡತಕ್ಕೆ ಮಾತ್ರ ಹೋಗಬೇಕು. ಹೌದೆಂದರೆ, ಹುಡುಗನನ್ನು ನಿಮ್ಹಾನ್ಸ್‌ನಂಥ ಕಡೆ ಮೆದುಳಿನ ಕೆಲಸವನ್ನು ಅಳೆಯುವ ನರಮನೋವೈಜ್ಞಾನಿಕ ತಪಾಸಣೆಗೆ ಕಳುಹಿಸಿ, ವರದಿ ಬರುವವರೆಗೆ "ಸಹಕರಿಸುತ್ತಿಲ್ಲ" ಎಂದು ಬರೆಯುವುದನ್ನು ನಿಲ್ಲಿಸಿ.