ಎಣ್ಣೆಯೊಳಗಿನ ಬೆಳ್ಳುಳ್ಳಿ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಬೆಳ್ಳುಳ್ಳಿಯ ಎರಡು ಎಸಳು ಇಟ್ಟುಕೊಂಡಿದ್ದೇನೆ. ಸುಲಿದ ಇಡೀ ಎಸಳನ್ನು ಮೂಗಿಗೆ ಹಿಡಿದರೆ ಹೆಚ್ಚೇನೂ ವಾಸನೆ ಇಲ್ಲ. ಇನ್ನೊಂದನ್ನು ಕುಟ್ಟಾಣಿಯಲ್ಲಿ ಜಜ್ಜುತ್ತೇನೆ. ಮುಂದಿನ ಸಾಲಿನವರಿಗೆ ಆಗಲೇ ಘಾಟು ಬಂದಿರಬೇಕು. ಈ ಘಾಟಿನ ಮೂಲವಸ್ತು ಒಂದು ಗಳಿಗೆ ಹಿಂದೆ ಎಸಳಿನಲ್ಲಿ ಇರಲಿಲ್ಲ.

ಬೆಳ್ಳುಳ್ಳಿಯ ಜೀವಕೋಶದಲ್ಲಿ ಅಲಿಯಿನ್ ಎಂಬ ವಸ್ತು ಒಂದು ಕಡೆ, ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ನಡುವಿನ ಪೊರೆ ಹರಿದು ಎರಡೂ ಕೂಡುತ್ತವೆ, ಅಲಿಸಿನ್ ಹುಟ್ಟುತ್ತದೆ. 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಇದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾವನ್ನು ತಡೆಯುವ ಅದರ ಶಕ್ತಿಯನ್ನು ವಿವರಿಸಿದರು. ಬ್ಯಾಕ್ಟೀರಿಯಾದ ಕಿಣ್ವಗಳಲ್ಲಿರುವ ಗಂಧಕದ ಭಾಗಕ್ಕೆ ಅದು ಅಂಟಿಕೊಂಡರೆ ಆ ಕಿಣ್ವಗಳ ಕೆಲಸ ನಿಲ್ಲುತ್ತದೆ. ಇಡೀ ಎಸಳನ್ನೇ ಕುದಿಯುವ ಸಾರಿಗೆ ಹಾಕಿದರೆ ಮಾತ್ರ ಅಲಿನೇಸ್ ಬಿಸಿಗೆ ಕೆಟ್ಟುಹೋಗಿ ಅಲಿಸಿನ್ ಹುಟ್ಟುವುದೇ ಕಷ್ಟ. ಜಜ್ಜಿ, ಸ್ವಲ್ಪ ಹೊತ್ತು ಬಿಟ್ಟು ಬಳಸುವುದು ಒಳ್ಳೆಯದು.

ಲವಂಗದ ಯೂಜಿನಾಲ್, ಓಮದ ಥೈಮಾಲ್, ದೊಡ್ಡಪತ್ರೆಯ ಕಾರ್ವಕ್ರಾಲ್ ಬೇರೆ ದಾರಿ ಹಿಡಿಯುತ್ತವೆ. ಬ್ಯಾಕ್ಟೀರಿಯಾದ ಪೊರೆಯನ್ನೇ ಸೋರುವಂತೆ ಮಾಡುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಎಂಬ, ಆಹಾರದಿಂದ ಹರಡುವ ರೋಗಕಾರಕ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ತಡೆಯುತ್ತವೆ. ಅಡುಗೆಯಲ್ಲಿ ಅಷ್ಟು ಸುಲಭವಲ್ಲ. ಊಟದಲ್ಲಿನ ಕೊಬ್ಬು, ಪ್ರೋಟೀನುಗಳು ಈ ವಸ್ತುಗಳನ್ನು ತಮ್ಮೊಳಗೆ ಎಳೆದುಕೊಳ್ಳುತ್ತವೆ. ತಟ್ಟೆಯಲ್ಲಿ ಕಂಡ ಫಲ ಸಾರಿನಲ್ಲಿ ಬೇಕೆಂದರೆ ಎಷ್ಟೋ ಪಟ್ಟು ಹೆಚ್ಚು ಹಾಕಬೇಕು, ಆಗ ಅದು ಬಾಯಿಗಿಡುವ ಹಾಗಿರುವುದಿಲ್ಲ.

ನನ್ನನ್ನು ಬಹಳವಾಗಿ ಕಾಡಿದ್ದು 1985ರ ಒಂದು ಘಟನೆ. ಕೆನಡಾದ ವ್ಯಾಂಕೂವರ್‌ನ ಒಂದು ರೆಸ್ಟೋರೆಂಟಿನಲ್ಲಿ ಉಂಡ 36 ಜನರಿಗೆ ಬಾಟ್ಯುಲಿಸಂ ತಗುಲಿತು. ನರಗಳು ಸೋತು, ಕಣ್ಣುರೆಪ್ಪೆ ಜೋತು, ಉಸಿರಾಟಕ್ಕೂ ಕಷ್ಟವಾಗುವ ರೋಗ ಅದು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಎಣ್ಣೆಯಲ್ಲಿಟ್ಟ ಹೆಚ್ಚಿದ ಬೆಳ್ಳುಳ್ಳಿ! ಬ್ಯಾಕ್ಟೀರಿಯಾವನ್ನು ಕೊಲ್ಲುವುದೆಂದು ನಾವು ನಂಬಿದ ಅದೇ ಬೆಳ್ಳುಳ್ಳಿ.

ಹೇಗೆ? ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವುದರಿಂದ ಈ ರೋಗ ತರುವ ವಿಷವನ್ನು ತಯಾರಿಸುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಅದರ ಗಟ್ಟಿ ಕವಚದ ಸುಪ್ತ ರೂಪಗಳು, ಅಂಟಿಕೊಂಡು ಬರಬಹುದು. ಎಣ್ಣೆ ಗಾಳಿಯನ್ನು ತಡೆಯುತ್ತದೆ. ಗಾಳಿಯಿಲ್ಲದ ಜಾಗವೇ ಆ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು. ಅದನ್ನು ತಡೆಯುವ ಹುಳಿ ಇಲ್ಲ, ತಂಪೂ ಇಲ್ಲ. ಅಲಿಸಿನ್ ಎಣ್ಣೆಯಲ್ಲಿ ಬಹುಕಾಲ ನಿಲ್ಲದೆ ಬೇರೆ ವಸ್ತುಗಳಾಗಿ ಮಾರ್ಪಡುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲೂ ಇಂಥದೇ ಪ್ರಕರಣ ಕಂಡ ಮೇಲೆ, 1989ರಲ್ಲಿ ಅಮೆರಿಕ ಸರ್ಕಾರವು ಮಾರಾಟದ ಎಣ್ಣೆ-ಬೆಳ್ಳುಳ್ಳಿಗೆ ಆಮ್ಲ ಸೇರಿಸಬೇಕೆಂದು ಕಡ್ಡಾಯ ಮಾಡಿತು.

ನಮ್ಮ ಉಪ್ಪಿನಕಾಯಿಯ ಜಾಡಿಯಲ್ಲಿ ಈ ಕಾವಲನ್ನು ಉಪ್ಪು ಮತ್ತು ನಿಂಬೆಹುಳಿ ಸೇರಿ ನಡೆಸುತ್ತವೆ. ಬೆಳ್ಳುಳ್ಳಿ ಉಪ್ಪಿನಕಾಯಿಗೆ ಹುಳಿ ಕಡಿಮೆ ಮಾಡಬೇಡಿ ಎಂದು ನಾನು ಹೇಳುವುದು ಅದಕ್ಕೇ. ಬರಿಯ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಹಾಕಿಟ್ಟಿದ್ದರೆ ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ. ಹೊರಗೆ ಉಳಿದುಹೋಗಿದ್ದರೆ ರುಚಿ ನೋಡಲೂ ಹೋಗಬೇಡಿ, ಚೆಲ್ಲಿಬಿಡಿ. ಆ ವಿಷಕ್ಕೆ ವಾಸನೆಯಿಲ್ಲ, ಬೆಳ್ಳುಳ್ಳಿಯ ಘಮವಷ್ಟೇ ಬರುತ್ತಿರುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ.